ಆಯುಧ ಪೂಜೆಗೆ ಮುನ್ನ ಹಳೆ ಎನ್‌ಫೀಲ್ಡ್ ಬಂದೂಕನ್ನು ಉಜ್ಜಬಹುದೇ?

ಪ್ರಶ್ನೆ: ಸುರಪುರ ಕಡೆಯ ನಮ್ಮ ವಾಡೆಯಲ್ಲಿ ಮೂರು ಕೇಪಿನ (ಮದ್ದಿಗೆ ಕಿಡಿ ಕೊಡುವ ಚಿಕ್ಕ ತಾಮ್ರದ ಟೋಪಿ ಇಡುವ) ಬಂದೂಕುಗಳಿವೆ. ಮೂರೂ ಬ್ರಿಟಿಷ್ ಸೇನೆಯ 1853ರ ಮಾದರಿಯ ಎನ್‌ಫೀಲ್ಡ್ ಎನ್ನುತ್ತಾರೆ. ತುಕ್ಕು ಹಿಡಿದು ಕೆಂಪಗಾಗಿವೆ. ಆಯುಧ ಪೂಜೆಗೆ ಲಿಂಬೆಹಣ್ಣು, ಎಮರಿ ಪೇಪರ್ ಹಾಕಿ ಉಜ್ಜಿ ಹೊಳಪು ತರಬಹುದೇ?

ಉತ್ತರ: ಎರಡೂ ಬೇಡ. ತುಕ್ಕಿಗೆ ಕೈ ಹಾಕುವ ಮುಂಚೆ ನಳಿಗೆಯಲ್ಲಿ ಮದ್ದು ಉಳಿದಿದೆಯೇ ನೋಡಿ. ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು ತುಂಬಿದ ಹಾಗೆಯೇ ಗೋಡೆಗೆ ತೂಗುಹಾಕಿ ಮರೆತದ್ದು ಎಷ್ಟೋ ಕಡೆ ಇದೆ. ಕರಿಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಕೆಡುವುದಿಲ್ಲ, ಕಿಡಿ ತಾಗಿದರೆ ಸಿಡಿಯುತ್ತದೆ.

ನಿಪ್ಪಲ್ (ನಳಿಗೆಯ ಹಿಂತುದಿಯಲ್ಲಿ ಕೇಪು ಕೂರಿಸುವ ಚಿಕ್ಕ ಕೊಳವೆ) ಮೇಲೆ ತಾಮ್ರದ ಕೇಪು ಕೂತಿದ್ದರೆ ಅಲ್ಲಿಗೇ ನಿಲ್ಲಿಸಿ, ಕುದುರೆಯನ್ನು, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯನ್ನು, ಮುಟ್ಟಲೇಬೇಡಿ. ಕೇಪು ಇಲ್ಲದಿದ್ದರೆ ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಪಕ್ಕದಲ್ಲಿ ನಿಂತು, ನಾಲ್ಕು ಅಡಿಯ ನೇರ ಬಿದಿರು ಕಡ್ಡಿಯನ್ನು ಮೆಲ್ಲಗೆ ಒಳಗೆ ಬಿಡಿ. ಕಬ್ಬಿಣದ ಗಜ ಬಳಸಬಾರದು. ಕಡ್ಡಿ ತಳ ಮುಟ್ಟಿದಾಗ ಬಾಯಿಯ ಮಟ್ಟಕ್ಕೆ ಪೆನ್ಸಿಲ್‌ನಿಂದ ಗೆರೆ ಹಾಕಿ ಹೊರತೆಗೆಯಿರಿ. ಆ ಗೆರೆ ಬಾಯಿಗೆ ಸರಿಯಾಗಿ ಬರುವಂತೆ ಕಡ್ಡಿಯನ್ನು ನಳಿಗೆಯ ಹೊರಗೆ ಆನಿಸಿದರೆ ಅದರ ತುದಿ ನಿಪ್ಪಲ್ ನೇರಕ್ಕೆ ಬರಬೇಕು. ತುದಿ ನಿಪ್ಪಲ್‌ವರೆಗೆ ಬರದೆ ಮೊದಲೇ ನಿಂತರೆ ಮದ್ದು, ಗುಂಡು ಒಳಗಿವೆ ಎಂದೇ ತಿಳಿಯಿರಿ; ಕಣಜದ ಗೂಡೋ ಚಿಂದಿಯೋ ಇರಬಹುದೆಂದು ಕೆದಕಲು ಹೋಗಬೇಡಿ. ನೀರು ಹಾಕಿದರೆ ಮದ್ದು ನಿರ್ಜೀವವಾಯಿತು ಎಂಬ ನಂಬಿಕೆಯೂ ತಪ್ಪು, ಒಣಗಿದ ಮೇಲೆ ಅದು ಮತ್ತೆ ಉರಿಯಬಹುದು. ಪೊಲೀಸ್ ಠಾಣೆಗೆ ತಿಳಿಸಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಂದಲೇ ತೆಗೆಸಿ.

ಖಾಲಿ ಇದೆ ಎಂದು ಖಚಿತವಾದ ಮೇಲೆ ಅಳತೆ ನೋಡಿ. 1853ರ ಮಾದರಿಯ ನಳಿಗೆ 39 ಇಂಚು. ಅದನ್ನು ಮರಕ್ಕೆ ಬಿಗಿದ ಕಬ್ಬಿಣದ ಪಟ್ಟಿಗಳು ಮೂರು. ಬಾಯಿಯ ಅಗಲ 0.577 ಇಂಚು, ಅಂದರೆ 14.7 ಮಿ.ಮೀ. ಒಳಗೆ ಸುತ್ತಿಕೊಂಡು ಹೋಗುವ ಮೂರು ಗೀರುಗಳಿರುತ್ತವೆ. ಬಾಯಿ 0.656 ಇಂಚಿದ್ದು ಒಳಗೆ ನುಣುಪಾಗಿದ್ದರೆ ಅದು 1857ರ ಬಂಡಾಯದ ನಂತರ ಇಲ್ಲಿನ ಸಿಪಾಯಿಗಳಿಗೆಂದೇ ಮಾಡಿಸಿದ 1858ರ ಮಾದರಿ. ಕುದುರೆಯ ಪಕ್ಕದ ತಟ್ಟೆಯ ಮೇಲೆ ಕಿರೀಟ, ಇಸವಿ, ಅಥವಾ ಕಿರೀಟ ಹಿಡಿದು ನಿಂತ ಸಿಂಹದ ಈಸ್ಟ್ ಇಂಡಿಯಾ ಕಂಪನಿ ಮುದ್ರೆ ಇರಬಹುದು. ಸುರಪುರದಲ್ಲಿ ಸಿಕ್ಕಿದ ಬಂದೂಕೆಲ್ಲ ಬ್ರಿಟಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕರ 1858ರ ಹೋರಾಟದ್ದೇ ಎಂಬ ಮಾತು ಕೇಳಲು ಹೆಮ್ಮೆಯೇ. ಆದರೆ ತಟ್ಟೆಯ ಮೇಲೆ 1862 ಎಂದಿದ್ದರೆ ಆ ಮಾತು ನಿಲ್ಲುವುದಿಲ್ಲ. ಎಮರಿ ಪೇಪರ್ ಮೊದಲು ತಿನ್ನುವುದು ಈ ಮುದ್ರೆಗಳನ್ನೇ. ಒಮ್ಮೆ ಅಳಿಸಿದರೆ ಬಂದೂಕಿನ ಚರಿತ್ರೆಯೂ ಬೆಲೆಯೂ ಹೋದ ಹಾಗೆ.

ಬಿಳಿ ಬಟ್ಟೆಯಿಂದ ಒರೆಸಿದಾಗ ಕೇಸರಿ ಪುಡಿ ಹತ್ತಿದರೆ ತುಕ್ಕು ಇನ್ನೂ ತಿನ್ನುತ್ತಿದೆ. ಏನೂ ಹತ್ತದ ಕಂದು ಬಣ್ಣ ಹಳೆಯ ಪದರ, ಅದನ್ನು ಹಾಗೆಯೇ ಬಿಡಿ. ಕೇಸರಿ ತುಕ್ಕಿಗೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಒಂದು ದಿನ ನೆನೆಸಿ, ಬಿದಿರಿನ ಸೀಳಿನಿಂದ ಕೆರೆದು, ನಾಲ್ಕು ಸೊನ್ನೆ (0000) ನಂಬರಿನ ತೀರಾ ನಯವಾದ ಉಕ್ಕಿನ ಉಣ್ಣೆಯನ್ನು (ಸ್ಟೀಲ್ ವುಲ್) ಎಣ್ಣೆಯಲ್ಲೇ ಅದ್ದಿ ಹಗುರವಾಗಿ ಒರೆಸಿ. ಮುದ್ರೆಗಳ ಮೇಲೆ ಉಕ್ಕಿನ ಉಣ್ಣೆ ಬೇಡ, ಬಟ್ಟೆ ಸಾಕು. ಲಿಂಬೆಯ ಹುಳಿ ತುಕ್ಕಿನ ಜೊತೆ ಉಕ್ಕನ್ನೂ ತಿಂದು ಗುಳಿ ಬೀಳಿಸುತ್ತದೆ. ಹಿತ್ತಾಳೆಯ ಭಾಗಗಳಿಗೆ ಹುಣಸೆಹಣ್ಣು ಹಚ್ಚಿದರೆ ಹುಳಿ ಮರದ ಸಂದಿಗೆ ಇಳಿದು ಒಳಗಿನ ಸ್ಕ್ರೂಗಳಿಗೆ ತುಕ್ಕು ಹತ್ತುತ್ತದೆ.

ನಮ್ಮ ಕಡೆ ಎಣ್ಣೆಯ ವಿಷಯದಲ್ಲಿ ದೊಡ್ಡ ತಪ್ಪಾಗುತ್ತದೆ. ಕುಸುಬೆ ಎಣ್ಣೆ ಮನೆಯಲ್ಲಿದೆ ಎಂದು ಕುದುರೆಗೆ, ಸ್ಪ್ರಿಂಗಿಗೆ ಬಿಡುತ್ತಾರೆ. ಅದು ಗಾಳಿಗೆ ಒಣಗಿ ಅಂಟಾಗಿ, ಧೂಳನ್ನು ಹಿಡಿದುಕೊಂಡು, ಯಂತ್ರವನ್ನೇ ಕಚ್ಚಿಸಿಬಿಡುತ್ತದೆ. ಉಕ್ಕಿಗೆ ಯಂತ್ರದ ಎಣ್ಣೆಯೇ ಆಗಬೇಕು. ಮರಕ್ಕೆ ಮಾತ್ರ ಅಗಸೆ ಎಣ್ಣೆ ಒಳ್ಳೆಯದು: ನಾಲ್ಕೈದು ಹನಿ ಅಂಗೈಯಿಂದ ತಿಕ್ಕಿ, ಅರ್ಧ ಗಂಟೆಯ ನಂತರ ಉಳಿದದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಬೇಕಿದ್ದರೆ ಮತ್ತೊಂದು ಸಲ. ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತುವುದುಂಟು. ನೀರಲ್ಲಿ ಅದ್ದಿ ಹೊರಗೆ ಹರವಿ.

ಕುದುರೆಯ ತಟ್ಟೆ ಬಿಚ್ಚಲೇಬೇಕಾದರೆ ಕುದುರೆಯನ್ನು ಅರ್ಧ ಎಳೆದ ಸ್ಥಿತಿಗೆ ತನ್ನಿ. ಎದುರು ಬದಿಯ ಎರಡು ಸ್ಕ್ರೂಗಳನ್ನು ಕೆಲವು ಸುತ್ತು ಸಡಿಲಿಸಿ, ತಲೆಗಳ ಮೇಲೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ತಟ್ಟೆ ಸಮನಾಗಿ ಹೊರಬರುತ್ತದೆ. ಮೀಟಿದರೆ ಮರದ ಅಂಚು ಸಿಗಿದುಹೋಗುತ್ತದೆ. ದೊಡ್ಡ ಸ್ಪ್ರಿಂಗನ್ನು ಮಾತ್ರ ಮುಟ್ಟಬೇಡಿ.

ಪೂಜೆಗೆ ತೊಂದರೆಯಿಲ್ಲ. ಶುಭ್ರ ಬಟ್ಟೆ ಹಾಸಿ ಬಂದೂಕು ಇಡಿ, ಅರಿಶಿನ ಕುಂಕುಮವನ್ನು ಬಟ್ಟೆಗೆ ಹಚ್ಚಿ, ಹೂವನ್ನು ಅಂದೇ ಸಂಜೆ ತೆಗೆಯಿರಿ. ಒದ್ದೆ ಗಂಧ ಕುಂಕುಮ ಉಕ್ಕಿನ ಮೇಲೆ ರಾತ್ರಿಯಿಡೀ ಕೂತರೆ ಆ ಬೊಟ್ಟಿನ ಆಕಾರದಲ್ಲೇ ತುಕ್ಕು ಏಳುತ್ತದೆ.

ಶಹಾಬಾದ ಕಲ್ಲಿನ ಗೋಡೆ ಮಳೆಗಾಲದಲ್ಲಿ ತೇವ ಬಿಡುವುದರಿಂದ ಬಂದೂಕು ಗೋಡೆಯಿಂದ ಎರಡು ಇಂಚು ದೂರ, ಮರದ ಗೂಟದ ಮೇಲಿರಲಿ. ಚರ್ಮದ ಚೀಲ, ಪ್ಲಾಸ್ಟಿಕ್ ಎರಡೂ ತೇವ ಹಿಡಿಯುತ್ತವೆ. ಎಣ್ಣೆ ಹಚ್ಚಿದ ಮೇಲೆ ಒಂದೆರಡು ದಿನ ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಮರಕ್ಕೆ ಇಳಿಯುವುದಿಲ್ಲ.

ಕಾಗದಪತ್ರವನ್ನೂ ನೋಡಿಕೊಳ್ಳಿ. ಹಳೆಯದೆಂಬ ಒಂದೇ ಕಾರಣಕ್ಕೆ ಲೈಸೆನ್ಸ್ ಬೇಡವೆಂದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನ ವಿನಾಯಿತಿ, ದುರಸ್ತಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧಗಳಿಗೆ ಮಾತ್ರ. ನಿಮ್ಮ ಮೂರೂ ಅದರೊಳಗೆ ಬರುತ್ತವೆಯೇ ಎಂದು ಯಾದಗಿರಿಯ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗದಿಂದ ಲಿಖಿತವಾಗಿ ಪಡೆದಿಟ್ಟುಕೊಳ್ಳಿ.