ಮೊದಲ ಕಂತು ಹಾಕುವಾಗ ಕೈಯಲ್ಲಿ ಎಷ್ಟು ಕಂತು ಇರಬೇಕು?

ಕಳೆದ ವರ್ಷ ಆನ್‌ಲೈನ್‌ನಲ್ಲಿ ಒಂದು ಧಾರಾವಾಹಿ ಶುರು ಮಾಡಿದ್ದೆ. ಎರಡನೇ ಕಂತಿನಲ್ಲಿ ಸುಮ್ನೆ ಒಂದು ಸಾಲು ಬಂತು. ಅಜ್ಜಿಗೆ ಓದು ಬರಹ ಗೊತ್ತಿಲ್ಲ, ರೇಷನ್ ಕಾರ್ಡನ್ನೂ ತಲೆಕೆಳಗಾಗಿ ಹಿಡಿಯುತ್ತಾಳೆ ಅಂತ. ಬರೆಯುವಾಗ ಖುಷಿಯಾಗಿತ್ತು. ಹದಿಮೂರನೇ ಕಂತಿಗೆ ಬಂದಾಗ ನೋಡಿದರೆ, ಇಡೀ ಕಥೆ ನಿಂತಿರುವುದು ಅದೇ ಅಜ್ಜಿ ನಲವತ್ತು ವರ್ಷದ ಹಿಂದೆ ಬರೆದಿಟ್ಟ ಒಂದು ಕಾಗದದ ಮೇಲೆ!

ಹಿಂದೆ ಹೋಗಿ ಆ ಸಾಲು ಅಳಿಸಬಹುದಿತ್ತು. ಆದರೆ ಓದುಗರು ಅದನ್ನು ಓದಿ ಆಗಿತ್ತು. ಒಬ್ಬರಂತೂ ರೇಷನ್ ಕಾರ್ಡಿನ ಸಾಲನ್ನೇ ಎತ್ತಿ ಹೊಗಳಿದ್ದರು. ಮೂರು ವಾರ ಕಥೆ ನಿಂತಿತು. ‘ಮುಂದಿನ ಕಂತು ಯಾವಾಗ?’ ಎಂದು ಕೇಳುವವರು ಮೊದಲು ಹತ್ತು ಜನ ಇದ್ದರು, ಆಮೇಲೆ ನಾಲ್ಕು, ಆಮೇಲೆ ನನ್ನ ಅತ್ತಿಗೆ ಒಬ್ಬರೇ. ಎಲೆ ಹಾಕಿ ಜನರನ್ನು ಕೂರಿಸಿದ ಮೇಲೆ ಅಕ್ಕಿ ತೊಳೆಯಲು ಹೋದ ಹಾಗಾಯಿತು.

ಈ ಸಲ ಶುರು ಮಾಡುವ ಮುಂಚೆ ಸ್ವಲ್ಪ ಓದಿ, ಲೆಕ್ಕ ಹಾಕಿ ಟಿಪ್ಪಣಿ ಮಾಡಿಕೊಂಡೆ. ನನ್ನ ಹಾಗೆ ಕಲಿಯುತ್ತಿರುವವರಿಗೆ ಉಪಯೋಗಕ್ಕೆ ಬರಬಹುದು.

ಇದು ಇಂಟರ್‌ನೆಟ್ ಬಂದ ಮೇಲೆ ಹುಟ್ಟಿದ ಪ್ರಶ್ನೆಯೇನೂ ಅಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಆಂಥನಿ ಟ್ರಾಲಪ್ ಎಂಬ ಕಾದಂಬರಿಕಾರ ಇದ್ದ. ಅಂಚೆ ಇಲಾಖೆಯ ನೌಕರ. ಬೆಳಗಿನ ಜಾವ ಐದೂವರೆಗೆ ಕೂತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆದು ಆಫೀಸಿಗೆ ಹೋಗುತ್ತಿದ್ದ. ಅವನದೊಂದು ನಿಯಮವಿತ್ತು: ಕಾದಂಬರಿ ಪೂರ್ತಿ ಮುಗಿಯದೆ ಮೊದಲ ಕಂತು ಅಚ್ಚಿಗೆ ಹೋಗಕೂಡದು. ಕಾರಣವನ್ನು ಆತ್ಮಕಥೆಯಲ್ಲಿ ಹೇಳಿದ್ದಾನೆ. ಕೊನೆಗೆ ತಕ್ಕ ಹಾಗೆ ಮೊದಲನ್ನು ಹೊಂದಿಸುವ ಅಧಿಕಾರ ಬರೆಯುವವನ ಕೈಯಲ್ಲಿ ಉಳಿಯಬೇಕು ಅನ್ನುವುದು ಅವನ ವಾದ. ಅದನ್ನು ಓದಿದಾಗ ನನಗೆ ಮೊದಲು ನೆನಪಾದವಳು ನನ್ನ ಅಜ್ಜಿ. ಕಥೆಯ ಅಜ್ಜಿ.

ಇಷ್ಟು ಕಟ್ಟುನಿಟ್ಟಿನ ಮನುಷ್ಯನೂ ಒಮ್ಮೆ ನಿಯಮ ಮುರಿದ. 1860ರ ಜನವರಿಯಲ್ಲಿ ‘ಕಾರ್ನ್‌ಹಿಲ್ ಮ್ಯಾಗಜೀನ್’ ಶುರುವಾಗುವುದಿತ್ತು. ಇನ್ನು ಕೆಲವೇ ವಾರ ಇದೆ ಎನ್ನುವಾಗ ಇವನಿಂದ ಧಾರಾವಾಹಿ ಕೇಳಿದರು. ಸಿಗುವ ಹಣ 1,000 ಪೌಂಡ್. ಅರ್ಧ ಬರೆದದ್ದನ್ನು ಬಿಟ್ಟು ಬೇರೊಂದು ಕಥೆ ಶುರು ಮಾಡಿ, ಬರೆಯುತ್ತಲೇ ಕಂತು ಕೊಟ್ಟ. ಅದು ಅವನಿಗೆ ದೊಡ್ಡ ಹೆಸರನ್ನೇ ತಂದಿತು. ಆದರೆ 1882ರಲ್ಲಿ ಮುಗಿಯದ ಇನ್ನೊಂದು ಕಾದಂಬರಿಯನ್ನು ಅಚ್ಚಿಗೆ ಬಿಟ್ಟಾಗ ಅದೃಷ್ಟ ಕೈಕೊಟ್ಟಿತು. 60 ಅಧ್ಯಾಯದ ಯೋಜನೆ ಇತ್ತು. ಆ ವರ್ಷ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡ, ಕಾದಂಬರಿ ಹಾಗೇ ಉಳಿಯಿತು.

ಡಿಕನ್ಸ್ ಇದಕ್ಕೆ ಪೂರ್ತಿ ಉಲ್ಟಾ. 1836ರಲ್ಲಿ ಅವನ ಮೊದಲ ಕಾದಂಬರಿ ತಿಂಗಳ ಕಂತಾಗಿ ಬರತೊಡಗಿದಾಗ ಮೊದಲ ಕಂತಿನ 1,000 ಪ್ರತಿ ಅಚ್ಚಾಗಿತ್ತು. ನಾಲ್ಕನೇ ಕಂತಿನಲ್ಲಿ ಸ್ಯಾಮ್ ವೆಲ್ಲರ್ ಎಂಬ ಮಾತಿನ ಮಲ್ಲ ಬಂದ. ಜನ ಅವನಿಗೆ ಮರುಳಾದರು. ಡಿಕನ್ಸ್ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಮುಗಿಯುವ ಹೊತ್ತಿಗೆ ಮಾರಾಟ 40,000ದ ಹತ್ತಿರ. ಎಲ್ಲವನ್ನೂ ಮೊದಲೇ ಬರೆದು ಮುಗಿಸಿದ್ದರೆ ಸ್ಯಾಮ್‌ಗೆ ಅಷ್ಟು ಜಾಗ ಸಿಗುತ್ತಿತ್ತಾ? ಆದರೂ ಈ ದಾರಿಯ ಅಪಾಯ ಗೊತ್ತಿರಲಿ. 1837ರಲ್ಲಿ ಹೆಂಡತಿಯ ತಂಗಿ ಹದಿನೇಳಕ್ಕೇ ತೀರಿಕೊಂಡಾಗ ಅವನಿಗೆ ಬರೆಯಲಾಗಲಿಲ್ಲ, ಆ ಜೂನ್ ತಿಂಗಳ ಕಂತು ಬರಲೇ ಇಲ್ಲ. ಕೈಯಲ್ಲಿ ಸ್ಟಾಕ್ ಇರಲಿಲ್ಲ, ಅಷ್ಟೇ.

ನಮ್ಮ ಕಾಲದ್ದೂ ಒಂದು ಇದೆ. ಆಂಡಿ ವಿಯರ್ 2009ರಿಂದ ತನ್ನ ವೆಬ್‌ಸೈಟಿನಲ್ಲಿ ಮಂಗಳ ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಹಾಕಿಕೊಂಡವನ ಕಥೆಯನ್ನು ಅಧ್ಯಾಯ ಅಧ್ಯಾಯವಾಗಿ ಹಾಕಿದ. ವಿಜ್ಞಾನ ಓದಿದ ಓದುಗರು ಅವನ ಲೆಕ್ಕದ ತಪ್ಪು ತೋರಿಸಿದರು, ಅವನು ತಿದ್ದಿದ. ಬರೆಯುತ್ತಲೇ ಹಾಕುವುದರ ನಿಜವಾದ ಲಾಭ ಲೈಕ್‌ಗಿಂತ ಇದರಲ್ಲೇ ಜಾಸ್ತಿ ಇದೆ ಅನಿಸುತ್ತದೆ. ಅಡಿಕೆ ತೋಟದ ಕಥೆ ಬರೆಯುವ ಬೆಂಗಳೂರಿನವರಿಗೆ ಕೊನೆ ಕೊಯ್ಯುವ ಕಾಲ ತಪ್ಪಾಗಿದೆ ಎಂದು ಹೇಳುವವರು ಬೇಕಲ್ವಾ? ಬರೀ ಮನೆಯೊಳಗಿನ ಜಗಳದ ಕಥೆಯಾದರೆ ಈ ಲಾಭ ಕಡಿಮೆ.

ನನಗೆ ಟ್ರಾಲಪ್‌ನಷ್ಟು ತಾಳ್ಮೆ ಇಲ್ಲ. ಡಿಕನ್ಸ್‌ನಷ್ಟು ಧೈರ್ಯವೂ ಇಲ್ಲ. ಹಾಗಾಗಿ ಲೆಕ್ಕಕ್ಕೆ ಇಳಿದೆ.

ಒಟ್ಟು 50 ಕಂತಿನ ಕಥೆ. ವಾರಕ್ಕೆ 2 ಕಂತು ಹಾಕಿದರೆ 25 ವಾರ. ನಾನು ಬರೆಯುವುದು ಎರಡು ವಾರಕ್ಕೆ 3 ಕಂತು. ಅಂದರೆ ಆ 25 ವಾರದಲ್ಲಿ 37 ಕಂತು ಆಗುತ್ತದೆ. 50ರಲ್ಲಿ 37 ಕಳೆದರೆ 13. ಶುರು ಮಾಡುವ ದಿನ ಇಷ್ಟಾದರೂ ಬರೆದಿರಬೇಕು. ಜ್ವರ, ನೆಂಟರ ಮದುವೆ, ಮಾರ್ಚ್ ತಿಂಗಳ ಆಫೀಸು, ಇವುಗಳಿಗೆಂದು ನಾಲ್ಕು ವಾರ ಬಿಡಿ. ಇನ್ನೂ 6 ಕಂತು. ಒಟ್ಟು 19.

ಇದರಲ್ಲಿ ಮೋಸ ಹೋಗುವ ಜಾಗ ‘ನಾನು ಬರೆಯುವುದು ಇಷ್ಟು’ ಎನ್ನುವ ಅಂಕಿ. ಹುಮ್ಮಸ್ಸಿದ್ದಾಗ ಒಂದೇ ಭಾನುವಾರ ಮೂರು ಕಂತು ಬರೆದಿದ್ದೇನೆ. ಆದರೆ ಅದು ಹಸಿ ಬರಹ. ತಿದ್ದಿ, ಗಟ್ಟಿಯಾಗಿ ಓದಿ, ಒತ್ತಕ್ಷರ ಸರಿಮಾಡಿ ಮುಗಿಸುವುದಕ್ಕೆ ಮತ್ತೆ ನಾಲ್ಕು ರಾತ್ರಿ ಹೋಗುತ್ತದೆ. ಏನನ್ನೂ ಹಾಕದೆ ನಾಲ್ಕು ವಾರ ಬರೆದು ನೋಡಿ. ಮುಗಿದ ಕಂತುಗಳನ್ನು ಮಾತ್ರ ಎಣಿಸಿ. ನಾನು ವಾರಕ್ಕೆ ಮೂರು ಅಂದುಕೊಂಡಿದ್ದೆ. ಬಂದದ್ದು ಒಂದೂವರೆ. 19 ಜಾಸ್ತಿ ಅನಿಸಿದರೆ ವಾರಕ್ಕೆ ಒಂದೇ ಕಂತು ಹಾಕಿ. ಆಗ ಲೆಕ್ಕದ ಪ್ರಕಾರ ಸ್ಟಾಕೇ ಬೇಡ. ಆದರೂ ನಾಲ್ಕೈದು ಇಲ್ಲದೆ ನಾನಂತೂ ಶುರು ಮಾಡುವುದಿಲ್ಲ.

ಎಣಿಕೆ ಆಯಿತು ಅಂದ ಮಾತ್ರಕ್ಕೆ ಕಥೆ ರೆಡಿ ಅಂತಲ್ಲ. ಕೊನೆಯ ಕಂತು ಅರೆಬರೆಯಾಗಿಯಾದರೂ ಬರೆದಿರಬೇಕು ಅನ್ನುವುದು ನನ್ನ ಹಠ. ಒಂದು ನೋಟ್‌ಬುಕ್ಕೂ ಇಟ್ಟಿದ್ದೇನೆ. ಒಮ್ಮೆ ಹಾಕಿದ ಮೇಲೆ ಬದಲಿಸಲಾಗದ ಸಂಗತಿಗಳೆಲ್ಲ ಅದರಲ್ಲಿ: ಯಾರಿಗೆ ಎಷ್ಟು ವಯಸ್ಸು, ಯಾರು ಸತ್ತಿದ್ದಾರೆ, ಮನೆ ಹೊಳೆಯ ಯಾವ ದಂಡೆಗಿದೆ, ಯಾರಿಗೆ ಏನು ಬರುವುದಿಲ್ಲ. ‘ಬರುವುದಿಲ್ಲ’ ಅನ್ನುವ ಸಾಲುಗಳೇ ಆಮೇಲೆ ಕಾಲಿಗೆ ತೊಡರುವುದು.

ಶುರು ಮಾಡುವ ಮುಂಚೆ ಇನ್ನೊಂದು ವಿಷಯ. ನಮ್ಮಲ್ಲಿ ಕಥಾಸ್ಪರ್ಧೆ, ಕಾದಂಬರಿ ಸ್ಪರ್ಧೆಗಳ ನಿಯಮದಲ್ಲಿ ‘ಎಲ್ಲೂ ಪ್ರಕಟವಾಗಿರಬಾರದು’ ಎಂದು ಸಾಮಾನ್ಯವಾಗಿ ಇರುತ್ತದೆ. ಬ್ಲಾಗು, ಫೇಸ್‌ಬುಕ್ಕಿನಲ್ಲಿ ಹಾಕಿದ್ದನ್ನೂ ಪ್ರಕಟವಾದದ್ದು ಎಂದೇ ಎಣಿಸುವವರಿದ್ದಾರೆ. ಸ್ಪರ್ಧೆಗೋ ವಾರಪತ್ರಿಕೆಗೋ ಕಳಿಸುವ ಆಸೆ ಮೂಲೆಯಲ್ಲಿ ಇದ್ದರೆ ಮೊದಲು ಅದನ್ನು ತೀರ್ಮಾನಿಸಿ.

ಅಂದ ಹಾಗೆ, ಆ ಹಳೆಯ ಕಥೆ ಹೇಗೋ ಮುಗಿಯಿತು. ಅಜ್ಜಿ ಹೇಳಿದ್ದನ್ನು ಊರಿನ ಪೋಸ್ಟ್‌ಮ್ಯಾನ್ ಬರೆದುಕೊಟ್ಟಿದ್ದ ಎಂದು ಮಾಡಿದೆ. ಅವನು ಒಂದು ವಾಕ್ಯವನ್ನು ಬೇಕೆಂದೇ ಬಿಟ್ಟಿದ್ದ. ಇಡೀ ಧಾರಾವಾಹಿಯಲ್ಲಿ ನನಗೆ ಇಷ್ಟವಾದದ್ದು ಆ ಕಂತೇ. ಎಲ್ಲ ಮೊದಲೇ ಬರೆದಿಟ್ಟಿದ್ದರೆ ಆ ಪೋಸ್ಟ್‌ಮ್ಯಾನ್ ಹುಟ್ಟುತ್ತಲೇ ಇರಲಿಲ್ಲ. ಈ ಒಂದು ಕಾರಣಕ್ಕೆ ನಾನು ಪೂರ್ತಿ 50 ಬರೆದು ಕೂರದೆ 19ಕ್ಕೆ ನಿಲ್ಲಿಸಿರುವುದು.

ಸದ್ಯ ಹೊಸ ಕಥೆಯ 16 ಕಂತು ಫೋಲ್ಡರ್‌ನಲ್ಲಿವೆ. ಇನ್ನು ಮೂರು ಬೇಕು. ಇದರಲ್ಲೂ ಒಬ್ಬಳು ಅಜ್ಜಿ ಇದ್ದಾಳೆ. ಅವಳಿಗೆ ಓದಲು ಬರುತ್ತದೋ ಇಲ್ಲವೋ, ಇನ್ನೂ ಎಲ್ಲೂ ಬರೆದಿಲ್ಲ.