ಬುದ್ಧನ ದಾರಿ ಹಿಡಿಯೋಕೆ ಮನೆದೇವರನ್ನು ಬಿಡಬೇಕಾ?

ಪ್ರಶ್ನೆ: ಒಂದು ವರ್ಷದಿಂದ ಬುದ್ಧನ ಬಗ್ಗೆ ಓದುತ್ತಿದ್ದೇನೆ. ಧ್ಯಾನ ಕಲಿಯಬೇಕು, ಅದೇ ಆಸಕ್ತಿ ಇರುವವರ ಜೊತೆ ಸೇರಬೇಕು ಅನ್ನಿಸುತ್ತಿದೆ. ಆದರೆ ನಮ್ಮ ಮನೆಯಲ್ಲಿ ಪೂಜೆ, ಹರಕೆ, ಜಾತ್ರೆ ಎಲ್ಲಾ ಇದೆ. ಅಮ್ಮನಿಗೆ ಬೇಜಾರು ಮಾಡೋಕೆ ಇಷ್ಟ ಇಲ್ಲ. ಮನೆದೇವರನ್ನು ಬಿಡಲೇಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಯಾವ ಬಾಗಿಲಿಂದ ಒಳಗೆ ಹೋಗುತ್ತೀರಿ ಅನ್ನುವುದರ ಮೇಲೆ ಇದಕ್ಕೆ ಉತ್ತರ ಇದೆ. ಕೆಲವು ಕಡೆ ಯಾರೂ ಕೇಳುವುದಿಲ್ಲ. ಒಂದು ಕಡೆ ಖಂಡಿತ ಕೇಳುತ್ತಾರೆ.

ಮೊದಲು ಒಂದು ಹಳೆಯ ಕಥೆ. ವೈಶಾಲಿಯಲ್ಲಿ ಸೀಹ ಅಂತ ಒಬ್ಬ ಸೇನಾಪತಿ ಇದ್ದ. ನಿಗಂಠರ, ಅಂದರೆ ಜೈನ ಮುನಿಗಳ ಭಕ್ತ. ಬುದ್ಧನ ಮಾತು ಕೇಳಿ ಮನಸೋತು, ಇವತ್ತಿನಿಂದ ನಿಮಗೇ ಶರಣು ಅಂದ. ಬುದ್ಧ ಹಿಗ್ಗಲಿಲ್ಲ. ಚೆನ್ನಾಗಿ ಯೋಚನೆ ಮಾಡು, ನಿನ್ನಂಥ ನಾಲ್ಕು ಜನಕ್ಕೆ ಗೊತ್ತಿರುವವರು ವಿಚಾರಿಸಿ ನೋಡುವುದೇ ಒಳ್ಳೆಯದು ಎಂದ. ಸೀಹ ಪಟ್ಟು ಬಿಡಲಿಲ್ಲ. ಆಗ ಬುದ್ಧ ಹೇಳಿದ್ದು: ನಿನ್ನ ಮನೆ ಇಷ್ಟು ವರ್ಷ ನಿಗಂಠರಿಗೆ ನೀರಿನ ಬಾವಿ ಇದ್ದ ಹಾಗೆ ಇತ್ತು, ಅವರು ಬಂದಾಗ ಭಿಕ್ಷೆ ಕೊಡುವುದನ್ನು ನಿಲ್ಲಿಸಬೇಡ. ಅಮ್ಮನ ಪ್ರಶ್ನೆ ಬಂದಾಗಲೆಲ್ಲ ನನಗೆ ಈ ಬಾವಿ ನೆನಪಾಗುತ್ತದೆ.

ಈಗ ಬಾಗಿಲುಗಳು. ಬೆಂಗಳೂರಿನ ಗಾಂಧಿನಗರದಲ್ಲಿ ಮಹಾಬೋಧಿ ಸೊಸೈಟಿ ಇದೆ. ಆಚಾರ್ಯ ಬುದ್ಧರಕ್ಖಿತ ಭಂತೇಜಿ 1956ರಲ್ಲಿ ಕಟ್ಟಿದ್ದು, ಥೇರವಾದದ, ಅಂದರೆ ಶ್ರೀಲಂಕಾ, ಬರ್ಮಾ ಕಡೆಯ ಹಳೆಯ ಬೌದ್ಧ ಪಂಥದ ಜಾಗ. ಇಂಥ ವಿಹಾರಕ್ಕೆ ಹೋದರೆ ಚಪ್ಪಲಿ ಬಿಟ್ಟು ಒಳಗೆ ಬಂದು ಸುಮ್ನೆ ಹಿಂದೆ ಕೂತುಕೊಳ್ಳಬಹುದು. ಯಾವ ಊರು, ಯಾವ ದೇವರು ಅಂತ ಯಾರೂ ವಿಚಾರಿಸುವುದಿಲ್ಲ. ಎಲ್ಲರೂ ಪಾಲಿ ಭಾಷೆಯಲ್ಲಿ ಪಂಚಶೀಲ, ಅಂದರೆ ನಡತೆಯ ಐದು ಸಂಕಲ್ಪ, ಹೇಳುತ್ತಾರೆ. ಮೊದಲ ಸಾಲು 'ಪಾಣಾತಿಪಾತಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ'. ಜೀವ ತೆಗೆಯದೆ ಇರುವ ಪಾಠವನ್ನು ಕೈಗೆತ್ತಿಕೊಳ್ಳುತ್ತೇನೆ ಅಂತ ಅರ್ಥ. ಸಿಕ್ಖಾ ಅಂದರೆ ನಮ್ಮ 'ಶಿಕ್ಷೆ'ಯೇ. ಆದರೆ ಪೊಲೀಸರ ಶಿಕ್ಷೆ ಅಲ್ಲ, ಶಿಕ್ಷಣದ ಶಿಕ್ಷೆ. ತಪ್ಪಿದರೆ ನಾಳೆ ಮತ್ತೆ ಕಲಿಯಬಹುದು. ಇದನ್ನು ಹೇಳೋಕೆ ಮನೆದೇವರು ಅಡ್ಡ ಬರುವುದಿಲ್ಲ, ಅಲ್ವಾ?

ಬೈಲುಕುಪ್ಪೆಯ ಟಿಬೆಟನ್ ಬೌದ್ಧರ ಬಾಗಿಲು ಬೇರೆ ಥರ. ಗೋಲ್ಡನ್ ಟೆಂಪಲ್ ಅಂತ ಎಲ್ಲರೂ ಕರೆಯುವ ನಮ್ಡ್ರೋಲಿಂಗ್ ಮಠವನ್ನು ಪೆನೋರ್ ರಿಂಪೋಚೆ 1963ರಲ್ಲಿ ಶುರು ಮಾಡಿದರು. ಮುಂಡಗೋಡಿನಲ್ಲಿ ಡ್ರೆಪುಂಗ್, ಗಾಂಡೆನ್ ಮಠಗಳಿವೆ. ಈ ಮಠಗಳಲ್ಲಿ ಶರಣಾಗತಿಯ ಶಾಸ್ತ್ರವೇ ಇದೆ. ಬೇರೆ ದೇವರಿಗೆ ಕೈ ಮುಗಿಯಬಹುದು, ಆದರೆ ಕೊನೆಯ ಆಸರೆ ಅಂತ ನಂಬುವುದು ಬುದ್ಧ, ಧರ್ಮ, ಸಂಘವನ್ನು ಮಾತ್ರ ಅಂತ ಗುರುಗಳು ಹೇಳುತ್ತಾರೆ. ನೇರವಾಗಿ ಹೇಳಬೇಕೆಂದರೆ, ಪಾಠ ಹೆಚ್ಚಾಗಿ ಟಿಬೆಟನ್ ಭಾಷೆಯಲ್ಲಿ. ಒಂದು ದಿನ ಹೋಗಿ ನೋಡಿ ಬರೋಕೆ ಸೊಗಸು, ವಾರವಾರ ಹೋಗಿ ಬೆರೆಯೋಕೆ ಕಷ್ಟ.

ಖಂಡಿತ ಕೇಳುವ ಬಾಗಿಲು ಬಾಬಾಸಾಹೇಬ್ ಅಂಬೇಡ್ಕರ್ ಅವರದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರೊಂದಿಗೆ ದೀಕ್ಷೆ ತಗೊಂಡಾಗ ಜೊತೆಗೆ 22 ಪ್ರತಿಜ್ಞೆಗಳಿದ್ದವು. ಬ್ರಹ್ಮ, ವಿಷ್ಣು, ಮಹೇಶ್ವರರನ್ನು ದೇವರೆಂದು ಪೂಜಿಸುವುದಿಲ್ಲ ಅನ್ನುವುದೇ ಮೊದಲನೆಯದು. ಶ್ರಾದ್ಧ ಮಾಡುವುದಿಲ್ಲ ಅನ್ನುವುದೂ ಇದೆ. ಇದನ್ನು ಬಿಗಿ ಅನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಗುಡಿಯ ಹೊಸ್ತಿಲ ಹೊರಗೇ ನಿಲ್ಲಿಸಿಕೊಂಡವರಿಗೆ ಆ ದೇವರನ್ನು ಬಿಡುವುದು ನಷ್ಟವಲ್ಲ, ಬಿಡುಗಡೆ. ಕಲಬುರಗಿಯ ಬುದ್ಧ ವಿಹಾರದಂಥ ಕಡೆ ನೋಡೋಕೆ, ಕೂರೋಕೆ ಯಾರು ಬೇಕಾದರೂ ಹೋಗಬಹುದು. ಆದರೆ ದೀಕ್ಷೆ ತಗೊಂಡರೆ ಎರಡು ದೋಣಿಯಲ್ಲಿ ಕಾಲಿಡುವಂತಿಲ್ಲ. ಬೌದ್ಧರಾದರೆ ಎಸ್‌ಸಿ ಮೀಸಲಾತಿ ಹೋಗುತ್ತಾ ಅಂತ ಕೆಲವರು ಕೇಳುತ್ತಾರೆ. ಹೋಗುವುದಿಲ್ಲ, 1990ರ ಕಾನೂನು ತಿದ್ದುಪಡಿಯಲ್ಲಿ ಬೌದ್ಧರನ್ನೂ ಅದಕ್ಕೆ ಸೇರಿಸಿದ್ದಾರೆ.

ಇನ್ನು ಎಸ್.ಎನ್. ಗೋಯೆಂಕಾ ಅವರ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರ. ಅಲ್ಲಿ ಮತಾಂತರದ ಮಾತೇ ಇಲ್ಲ. ಶುಲ್ಕವೂ ಇಲ್ಲ, ಶಿಬಿರ ಮುಗಿದ ಮೇಲೆ ಇಷ್ಟವಿದ್ದರೆ ದಾನ ಕೊಡಬಹುದು. ಬೆಳಗ್ಗೆ 4ಕ್ಕೆ ಗಂಟೆ, ಫೋನ್ ಇಲ್ಲ, ಮಾತು ಇಲ್ಲ, ದಿನಕ್ಕೆ ಸುಮಾರು ಹತ್ತು ಗಂಟೆ ಕೂರುವುದು. ಮೊದಲ ಮೂರು ದಿನ ಮೂಗಿನ ಹತ್ತಿರ ಉಸಿರು ಬಂದು ಹೋಗುವುದನ್ನು ನೋಡುವುದಷ್ಟೇ ಕೆಲಸ.

ನಾನು ನೇರವಾಗಿ ಅಲ್ಲಿಂದಲೇ ಶುರು ಮಾಡಿದೆ. ಮೂರನೇ ದಿನ ಮೊಣಕಾಲು ಹಿಡಿದುಕೊಂಡು ಅತ್ತೆ. ಹತ್ತನೇ ದಿನ ಹೂವಿನಂತೆ ಹಗುರಾಗಿ ಮನೆಗೆ ಬಂದೆ. ಎರಡು ತಿಂಗಳಿಗೆ ಕೂರುವ ಚಾಪೆ ಅಟ್ಟ ಸೇರಿತು. ಶಿಬಿರದ್ದೇನೂ ತಪ್ಪಿರಲಿಲ್ಲ. ಊರಲ್ಲಿ ಜೊತೆಗೆ ಕೂರೋಕೆ ಒಬ್ಬರೂ ಇರಲಿಲ್ಲ, ನಾನು ಹುಡುಕಲೂ ಇಲ್ಲ. ಮತ್ತೆ ಚಾಪೆ ಇಳಿಸಿದ್ದು ಹುಣ್ಣಿಮೆಗೆ ವಿಹಾರಕ್ಕೆ ಹೋಗೋಕೆ ಶುರು ಮಾಡಿದ ಮೇಲೆ. ಅಲ್ಲಿ ಒಬ್ಬ ಅಜ್ಜಿ, 'ಹೋದ ಹುಣ್ಣಿಮೆಗೆ ಯಾಕಮ್ಮಾ ಬರಲಿಲ್ಲ?' ಅಂತ ಕೇಳಿದರು. ಆ ಒಂದು ಮಾತಿಗೇ ಮುಂದಿನ ತಿಂಗಳು ಹೋದೆ.

ಹಾಗಾಗಿ ನಿಮಗೆ ನಾನು ಹೇಳುವುದು, ಪಂಥ ಆಮೇಲೆ ಆರಿಸಿಕೊಳ್ಳಿ. ನಿಮ್ಮ ಮನೆಯಿಂದ ಬಸ್ಸಲ್ಲಿ ಹೋಗಿ ಬರಬಹುದಾದ ಒಂದು ವಿಹಾರ ಅಥವಾ ಧ್ಯಾನದ ಗುಂಪು ಹುಡುಕಿ. ಮೂರು ನಾಲ್ಕು ಸಲ ಹೋಗಿ. ಕೂತ ಮೊದಲ ದಿನವೇ ದೀಕ್ಷೆ ಕೊಡುತ್ತೇವೆ, ದುಡ್ಡು ಕೊಡಿ ಅನ್ನುವ ಕಡೆಯಿಂದ ಎದ್ದು ಬನ್ನಿ. ಅಮ್ಮನಿಗೆ ಈಗಲೇ ಏನೂ ಘೋಷಣೆ ಮಾಡಬೇಡಿ. ಹಬ್ಬದ ದಿನ ಅವರ ಜೊತೆ ಹೂವು ಕಟ್ಟಿ, ಬೆಳಗ್ಗೆ ಇಪ್ಪತ್ತು ನಿಮಿಷ ನಿಮ್ಮ ಪಾಡಿಗೆ ಕೂತುಕೊಳ್ಳಿ. ಮೊಣಕಾಲು ನೋವಿದ್ದರೆ ವಿಹಾರದಲ್ಲಿ ಕುರ್ಚಿ ಕೇಳಿ, ಸಂಕೋಚ ಬೇಡ. ನಾನು ಈಗಲೂ ಕುರ್ಚಿ ಮೇಲೇ ಕೂರುವುದು.