ರೇಡಿಯೇಟರನ್ನು ಬಿಗಿದು ಕೂರಿಸಬೇಡಿ

ಚಿಕ್ಕಬಳ್ಳಾಪುರದಲ್ಲಿರುವ ಗೆಳೆಯರೊಬ್ಬರ 1930ರ ಫೋರ್ಡ್ ಮಾಡೆಲ್ ಎ ಕಾರಿನ ರೇಡಿಯೇಟರನ್ನು, ಅಂದರೆ ಎಂಜಿನ್ನಿನ ಬಿಸಿನೀರನ್ನು ತಣಿಸುವ ಪೆಟ್ಟಿಗೆಯನ್ನು, ಮೊನ್ನೆ ಮೂರನೆಯ ಸಲ ಕೆಳಗಿಳಿಸಿದೆವು. ಸೋರುತ್ತಿದ್ದದ್ದು ಪ್ರತಿ ಸಲವೂ ಒಂದೇ ಕಡೆ, ತಳದ ಮೂಲೆಯ ಬೆಸುಗೆಯಲ್ಲಿ. ಹಿಂದೆ ಎರಡು ಸಲವೂ ಹೊಸ ಬೆಸುಗೆ ಹಾಕಿಸಿ, ಇನ್ನು ಅಲುಗಾಡದಿರಲಿ ಎಂದು ನಟ್ಟುಗಳನ್ನು ಬಲವಾಗಿ ಬಿಗಿದಿದ್ದೆವು. ಕಾಯಿಲೆಯ ಬೇರು ಇದ್ದದ್ದು ಆ ಬಿಗಿತದಲ್ಲೇ.

ಆ ಕಾಲದ ಕಾರಿನ ಚಾಸಿ, ಅಂದರೆ ತಳದ ಚೌಕಟ್ಟು, ಒಂದು ಏಣಿ: ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ನಡುನಡುವೆ ಅಡ್ಡಪಟ್ಟಿಗಳು. ಒಂದು ಚಕ್ರ ಗುಂಡಿಗೆ ಇಳಿದರೆ ಏಣಿ ತುಸು ತಿರುಚಿಕೊಳ್ಳುತ್ತದೆ, ಮತ್ತೆ ನೆಟ್ಟಗಾಗುತ್ತದೆ. ರೇಡಿಯೇಟರಿಗೆ ಆ ಗುಣವಿಲ್ಲ. ತೆಳುವಾದ ತಾಮ್ರ, ಹಿತ್ತಾಳೆಗಳನ್ನು ಸೀಸ ಮತ್ತು ತವರದ ಬೆಸುಗೆಯಿಂದ ಕೂಡಿಸಿದ ಪೆಟ್ಟಿಗೆ ಅದು. ಈ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ. ಒಳಗೆ ಕುದಿಯುವ ಹಂತದ ನೀರು ಓಡಾಡುವಾಗ ಅದರ ಗಟ್ಟಿತನ ಇನ್ನೂ ಕಡಿಮೆ. ಕಟ್ಟುತಂತಿಯನ್ನು ಹತ್ತಾರು ಸಲ ಆಚೀಚೆ ಬಾಗಿಸಿದರೆ ಮುರಿಯುತ್ತದಲ್ಲ, ಲೋಹದ ದಣಿವು ಎನ್ನುವುದು ಅದನ್ನೇ. ಚಾಸಿಗೆ ಬಿಗಿದ ರೇಡಿಯೇಟರಿನ ಮೂಲೆಯಲ್ಲಿ ಪ್ರತಿ ಗುಂಡಿಯೂ ಬೆಸುಗೆಯನ್ನು ಹಾಗೆ ದಣಿಸುತ್ತದೆ.

ಹೊಲದ ಬದುವಿನ ಮೇಲೆ ಮೂರು ಕಲ್ಲಿಟ್ಟು ಒಲೆ ಹೂಡಿದವರಿಗೆ ಗೊತ್ತು: ನೆಲ ಎಷ್ಟೇ ಏರುಪೇರಾಗಿರಲಿ, ಮಡಕೆ ಕುಂಟುವುದಿಲ್ಲ. ಮೂರು ಬಿಂದುಗಳ ಮೇಲೆ ಒಂದು ಸಮತಲ ಯಾವಾಗಲೂ ಕೂರುತ್ತದೆ. ನಾಲ್ಕು ಕಾಲಿನ ಮಂಚಕ್ಕೆ ಆ ಭಾಗ್ಯವಿಲ್ಲ; ಕುಂಟದಿರಲೆಂದು ಅದರ ಕಾಲುಗಳನ್ನು ನೆಲಕ್ಕೆ ಜಡಿದರೆ ಚೌಕಟ್ಟೇ ಸೊಟ್ಟಗಾಗುತ್ತದೆ. ಚಾಸಿಗೆ ಬಿಗಿದ ರೇಡಿಯೇಟರಿನ ಪಾಡೂ ಅದೇ.

ಮಾಡೆಲ್ ಎ ಕಾರಿನ ವಿನ್ಯಾಸಕಾರರಿಗೆ ಇದರ ಅರಿವಿತ್ತು. ರೇಡಿಯೇಟರನ್ನು ಮುಂದಿನ ಅಡ್ಡಪಟ್ಟಿಗೆ ಹಿಡಿದಿಡುವ ಬೋಲ್ಟುಗಳಿಗೆ ಅವರು ಸ್ಪ್ರಿಂಗ್ ಕೊಟ್ಟರು, ತುದಿಗೆ ಕೋಟೆಯ ತೆನೆಯಂತೆ ಕಚ್ಚುಗಳಿರುವ ನಟ್ಟು, ಅದರೊಳಗೆ ತೂರಿಸಿ ತುದಿ ಬಾಗಿಸುವ ಸ್ಪ್ಲಿಟ್ ಪಿನ್. ಎಷ್ಟು ಸೊಗಸಾದ ಯೋಚನೆ! ಪಿನ್ ಇರುವುದರಿಂದ ನಟ್ಟು ಬಿಗಿಯದೆಯೂ ಕಳಚಿಕೊಳ್ಳುವುದಿಲ್ಲ. ನಮ್ಮ ಕಾರಿನಲ್ಲಿ ಯಾವ ಕಾಲದಲ್ಲೋ ಆ ಸ್ಪ್ರಿಂಗ್‌ಗಳನ್ನು ತೆಗೆದು ಕಬ್ಬಿಣದ ವಾಷರ್ ತುಂಬಿದ್ದರು.

ಈ ಸಲ ಹೊಸ ಸ್ಪ್ರಿಂಗ್ ಹಾಕಿದೆವು. ಸುರುಳಿಗಳು ಒಂದಕ್ಕೊಂದು ತಾಗುವ ಮೊದಲೇ ನಟ್ಟು ತಿರುಗಿಸುವುದನ್ನು ನಿಲ್ಲಿಸಿ ಪಿನ್ ತೊಡಿಸಿದೆವು. ಕೆಳಗಿನ ಹಾಸು ಒಣಗಿ ಕಲ್ಲಾಗಿತ್ತು, ಅದನ್ನೂ ಬದಲಿಸಿದೆವು. ಬಿಸಿಗೂ ಗಾಳಿಗೂ ಒಡ್ಡಿಕೊಂಡ ರಬ್ಬರು ವರ್ಷಗಳು ಕಳೆದಂತೆ ಬಾಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ರೇಡಿಯೇಟರಿನ ತಲೆಯನ್ನು ಹಿಡಿಯುವ ಕಂಬಿಗಳನ್ನು, ಅದನ್ನು ಎಳೆಯದೆ ಸುಮ್ಮನೆ ಆನಿಸಿಕೊಳ್ಳುವಷ್ಟಕ್ಕೆ ಹೊಂದಿಸಿದೆವು. ಕೊನೆಗೆ ಫ್ಯಾನ್. ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಆಧಾರ ಸಡಿಲವಾಗಿದ್ದರೆ ಫ್ಯಾನಿನ ಅಲಗು ಮುಂದೆ ಬಂದು ರೇಡಿಯೇಟರನ್ನು ಕೊರೆದುಬಿಡುತ್ತದೆ. ಆದ್ದರಿಂದ ಎಂಜಿನ್ ಅಲುಗಿಸಿ, ನಡುವಿನ ಅಂತರವನ್ನು ನೋಡಲೇಬೇಕು.

ಮರುದಿನ ಬೆಳಗ್ಗೆ ನಂದಿಬೆಟ್ಟ ಹತ್ತಿದೆವು. ಅಲ್ಲಿನ ಎತ್ತರ 1,478 ಮೀಟರ್, ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ನೀರು ಬೇಗ ಕುದಿಯದಂತೆ ತಡೆಯುವ ಒತ್ತಡದ ಮುಚ್ಚಳವಿಲ್ಲದ ಈ ಕಾರಿಗೆ ಅಲ್ಲಿ ಒಂದು ಲೋಟ ನೀರು ಸೋರಿದರೂ ಕಷ್ಟ. ಮೇಲೆ ಕಾರು ನಿಲ್ಲಿಸಿ ಆ ಮೂಲೆಯ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ ಅರ್ಧ ಗಂಟೆ ಕಾದೆವು. ಒಂದು ಹನಿಯೂ ಬಿದ್ದಿರಲಿಲ್ಲ.